ಏಲಕ್ಕಿ ಹಾಕದ ಕಾಫಿ

ನಿನ್ನೆಯ ಕಾಫಿ ಚರಟಕ್ಕೇ ಮತ್ತೆ ನೀರು ಹೊಯ್ದು ಒಲೆಯ ಮೇಲಿಟ್ಟಳು ಘುಸೂನ್. ಏಲಕ್ಕಿ ಡಬ್ಬಿಯನ್ನು ಮುಟ್ಟಲಿಲ್ಲ. ಯಾರೂ ಕುಡಿಯದ ಕಾಫಿಗೆ ಏಲಕ್ಕಿ ಯಾಕೆ?

ಇರ್ಬಿದ್ ಊರಿನ ಈ ಬೀದಿಯಲ್ಲೂ, ಗಡಿಯಾಚೆ ಸಿರಿಯಾದಲ್ಲಿ ಅವಳು ಬಿಟ್ಟುಬಂದ ದರಾದಲ್ಲೂ ಪದ್ಧತಿ ಒಂದೇ. ದೊಡ್ಡದೇನನ್ನಾದರೂ ಕೇಳಬೇಕಾದರೆ ಹಿರಿಯರು ಗುಂಪು ಕಟ್ಟಿಕೊಂಡು ಬರುತ್ತಾರೆ. ಅದು ಜಾಹಾ. ಕೊಟ್ಟ ಕಾಫಿಯನ್ನು ಮುಟ್ಟದೆ ಮುಂದಿಟ್ಟುಕೊಂಡು ಕೂರುತ್ತಾರೆ. ಮನೆಯವರು 'ಕುಡೀರಿ' ಎಂದರೆ ಕೇಳಿದ್ದನ್ನು ಕೊಟ್ಟ ಹಾಗೆ. ಗಂಡ ತೀರಿಕೊಂಡ ಮೇಲೆ ಈ ಮನೆಯಲ್ಲಿ ಆ ಮಾತು ಹೇಳಬೇಕಾದವಳು ಅವಳೇ. ಇವತ್ತು ಹೇಳುವವಳಲ್ಲ.

ಸೋಮವಾರ ತಾರಸಿಯಲ್ಲಿ ಬಟ್ಟೆ ಹರವುವಾಗ ಕೆಳಮನೆಯ ಉಮ್ ರಕಾನ್ ಹೇಳಿದ್ದರು: "ಗುರುವಾರ ಸಂಜೆ ಅಸರ್ ನಮಾಜ್ ಆದ್ಮೇಲೆ ಬರ್ತೀವಿ. ನಾನೊಬ್ಳೇ ಅಲ್ಲ, ಜಾಹಾ. ಕಾಫಿ ಇಟ್ಟಿರು."

"ಏನ್ ಕೇಳೋಕೆ, ಖಾಲಾ?"

"ಈಗ್ಲೇ ಹೇಳಿಬಿಟ್ರೆ ಮೆಟ್ಟಿಲು ಹತ್ತಿ ಬರೋದ್ಯಾಕೆ? ನನ್ನ ಮಂಡಿಗೆ ವ್ಯಾಯಾಮ ಆಗ್ಲಿ ಅಂತಾನಾ?"

ಕೇಳುವುದೇನಿತ್ತು? ಉಮ್ ರಕಾನ್‌ಗೆ ಮದುವೆ ವಯಸ್ಸಿನ ಕಿರಿಯ ಮಗನಿದ್ದಾನೆ. ಘುಸೂನ್‌ಗೆ ಹದಿನಾರರ ಮಗಳಿದ್ದಾಳೆ, ಲುಜೈನ್. ಒಂದು ತಿಂಗಳಿಂದ ಮುದುಕಿಯ ಕಣ್ಣು ಈ ಮನೆಯ ಮೇಲೇ. ಮೆಟ್ಟಿಲಿನಿಂದ ಪುಟಿದು ಬಂದ ಮಕ್ಕಳ ಚೆಂಡು ಉಮ್ ರಕಾನ್ ಕೈಲಿದ್ದ ಮೊಟ್ಟೆ ತಟ್ಟೆಗೆ ಬಡಿಯುವಷ್ಟರಲ್ಲಿ ಘುಸೂನ್ ಅದನ್ನು ಎಡಗೈಯಲ್ಲಿ ತಡೆದಿದ್ದಳು. ಅವತ್ತಿನಿಂದ ಶುರು. "ನಿಮ್ಮ ಕಡೆ ಹೆಂಗಸರೆಲ್ಲ ಇಷ್ಟೇ ಎತ್ತರಾನಾ?" "ನಿನ್ನ ಹೊಲಿಗೆ ಎಷ್ಟು ಗಂಟೆಗೆ ಮುಗಿಯುತ್ತೆ?" ಬೀಗಿತ್ತಿಯ ಅಳತೆ ತೆಗೆಯುತ್ತಿದ್ದಾರೆ ಅಂದುಕೊಂಡಿದ್ದಳು.

ಹೋದ ವಾರ ಪೆಟ್ಟಿಗೆಯ ಬಟ್ಟೆಗಳೆಲ್ಲ ಕೆದರಿದ್ದವು. ತಳದಲ್ಲಿದ್ದ ತನ್ನ ಕಸೂತಿಯ ಮದುವೆ ಅಂಗಿಯ ಮಡಿಕೆ ಬಿಚ್ಚಿತ್ತು. ಲುಜೈನ್ ಅದನ್ನು ಮೈಗೆ ಹಿಡಿದು ನೋಡಿಕೊಂಡಿರಬೇಕು. ಘುಸೂನ್ ಆ ರಾತ್ರಿ ಊಟ ಬಿಟ್ಟಿದ್ದಳು.

ಬೇಡ ಎನ್ನುವುದು ಸುಲಭವಲ್ಲ. ಮೊದಲ ಚಳಿಗಾಲದಲ್ಲಿ ಹಾಸಿಗೆ, ಹೊದಿಕೆ, ಸೀಮೆಎಣ್ಣೆ ಒಲೆ ಹೊತ್ತು ತಂದವರು ಉಮ್ ರಕಾನ್. 'ಇವರು ನಮ್ಮವರು' ಎಂದು ಬೀದಿಗೆಲ್ಲ ಹೇಳಿದವರು. ಅವರ ಜಾಹಾವನ್ನು ಬರಿಗೈಯಲ್ಲಿ ಕಳಿಸಿದರೆ ನಾಳೆಯಿಂದ ತಾನು ಇಲ್ಲಿ ಮತ್ತೆ ಪರದೇಶಿ. ಆದರೆ ಇದೇ ಕಟ್ಟಡದಲ್ಲಿ ಸಿರಿಯಾದ ಇಬ್ಬರು ಹುಡುಗಿಯರು ಹೋದ ವರ್ಷ ಶಾಲೆ ಬಿಟ್ಟು ಈಗ ತೊಟ್ಟಿಲು ತೂಗುತ್ತಿದ್ದಾರೆ. ಲುಜೈನ್ ಮೂರನೆಯವಳಾಗಬಾರದು.

"ಯಾಕೆ ಬರ್ತಿದಾರೆ ಗೊತ್ತಾ ನಿಂಗೆ?" ಎಂದು ಕೇಳಿದಳು.

ಲೋಟ ಒರೆಸುತ್ತಿದ್ದ ಲುಜೈನ್ ಕೆಂಪಾದಳು. "ಗೊತ್ತು."

"ನಿಂಗೆ ಇಷ್ಟಾನಾ?"

"ತುಂಬ. ಬೇಡ ಅನ್ನಬೇಡಮ್ಮ."

"ಆಟ ನಿಂತುಹೋಗೋ ಬೇಜಾರಿಗೆ ಇದಾ?"

ಸಮುದಾಯ ಕೇಂದ್ರದ ಹ್ಯಾಂಡ್‌ಬಾಲ್ ತಂಡದಲ್ಲಿ ಈ ಊರಿನ ಹುಡುಗಿಯರೂ ಸಿರಿಯಾದವರೂ ಒಟ್ಟಿಗೆ ಆಡುತ್ತಿದ್ದರು. ಕಲಿಸುತ್ತಿದ್ದಾಕೆ ಊರು ಬಿಟ್ಟಿದ್ದಳು. ತಿಂಗಳ ಕೊನೆಗೆ ತಂಡವನ್ನು ಮುಚ್ಚುತ್ತಾರಂತೆ.

"ಒಂಥರಾ ಹೌದು," ಎಂದಳು ಮಗಳು.

ಕರೆಗಂಟೆ ಸದ್ದಾಯಿತು. ಉಮ್ ರಕಾನ್, ಅವರ ಹಿಂದೆ ಆರು ಹುಡುಗಿಯರು, ಎಲ್ಲರೂ ಹಬ್ಬದ ಉದ್ದಂಗಿಯಲ್ಲಿ. ಎರಡು ಮುಖ ಲುಜೈನ್‌ಳ ಗೆಳತಿಯರದು. ಗೆಳತಿಯರನ್ನೂ ಒಲಿಸಿಕೊಂಡಿದ್ದಾರೆ ಎಂದುಕೊಂಡಳು ಘುಸೂನ್. ಹೊಸಿಲ ಹೊರಗೆ ಬಿಟ್ಟ ಆರು ಜೊತೆಯೂ ಧೂಳು ಮೆತ್ತಿದ ಬೂಟುಗಳು. ಹಬ್ಬದ ಬಟ್ಟೆಗೆ ಇದೆಂಥ ಮೆಟ್ಟು!

ಕಾಫಿ ಕೊಟ್ಟಳು. ಯಾರೂ ಮುಟ್ಟಲಿಲ್ಲ. ಉಮ್ ರಕಾನ್ ಗಂಟಲು ಸರಿಮಾಡಿಕೊಂಡರು.

"ಘುಸೂನ್, ನಿನ್ನ ಮನೇಲಿ ಒಂದು ರತ್ನ ಇದೆ. ಅದನ್ನ ನಮ್ಮ ಮಕ್ಕಳಿಗೆ ಕೊಡು ಅಂತ ಕೇಳೋಕೆ ಬಂದಿದೀವಿ."

"ಕ್ಷಮಿಸಿ ಖಾಲಾ. ಅವಳಿನ್ನೂ ಓದ್ಬೇಕು."

"ಓದ್ಲಿ. ಬೇಡ ಅಂದೋರ್ಯಾರು?"

"ಮದುವೆ ಆದ್ಮೇಲೆ ಎಲ್ಲಿಯ ಓದು?"

"ಮದುವೆಯಾ?" ಉಮ್ ರಕಾನ್ ಹುಡುಗಿಯರ ಕಡೆ ತಿರುಗಿದರು. ಆರೂ ಜನ ತುಟಿ ಕಚ್ಚಿಕೊಂಡರು. "ಮಧ್ಯಾಹ್ನದವರೆಗೆ ಮಲಗೋ ನನ್ನ ಮಗನ್ನ ನಿನ್ನ ಮಗಳ ತಲೆಗೆ ಕಟ್ತೀನಾ? ಅಷ್ಟು ಪಾಪಿ ಅಲ್ಲಮ್ಮ ನಾನು."

ಕೈಚೀಲದಿಂದ ಒಂದು ಹಳೆಯ ಫೋಟೋ ತೆಗೆದು ಕಾಫಿ ಲೋಟಗಳ ನಡುವೆ ಇಟ್ಟರು. ಬಲೆಯ ಮುಂದೆ ಎರಡೂ ತೋಳು ಚಾಚಿ ನಿಂತ ಎತ್ತರದ ಹುಡುಗಿ, ಅಂಗಿಯ ಮೇಲೆ ಒಂದನೇ ನಂಬರು. ಘುಸೂನ್ ತಾನೇ, ದರಾ ಪ್ರಾಂತ್ಯದ ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್. ಇಪ್ಪತ್ತು ವರ್ಷದಿಂದ ಮದುವೆ ಅಂಗಿಯ ಮಡಿಕೆಯೊಳಗೆ ಇದ್ದದ್ದು. ಗಡಿ ದಾಟಿ ಬಂದ ಮೇಲೆ ಆ ಕೈಗಳು ಸೂಜಿಯೊಂದನ್ನೇ ಹಿಡಿದಿದ್ದವು.

"ನಾವು ಕೇಳೋಕೆ ಬಂದಿರೋದು ನಿನ್ನ," ಎಂದರು ಉಮ್ ರಕಾನ್. "ಇವರಿಗೆ ಕಲಿಸೋರು ಬೇಕು. ಮಗಳೊಬ್ಳೇ ಕೇಳಿದ್ರೆ ನೀನು ಆಗಲ್ಲ ಅಂತಿದ್ದೆ. ಈಗ ಜಾಹಾಕ್ಕೆ ಆಗಲ್ಲ ಅನ್ನು, ನೋಡೋಣ."

ಘುಸೂನ್ ಎದ್ದಳು. ತುಂಬಿದ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಕೊಂಡು ಒಳಗೆ ನಡೆದಳು. "ಮುಗೀತು ಬಿಡ್ರೇ," ಎಂದು ಯಾರೋ ಹುಡುಗಿ ಪಿಸುಗುಟ್ಟಿದ್ದು ಬೆನ್ನಿಗೆ ಕೇಳಿಸಿತು.

ಅಡುಗೆಮನೆಯಲ್ಲಿ ಅವಳು ಚರಟವನ್ನು ಚೆಲ್ಲಿ, ಹೊಸ ಪುಡಿ ಅಳೆದು, ಏಲಕ್ಕಿ ಡಬ್ಬಿಯ ಮುಚ್ಚಳ ತೆಗೆದಳು.