ಎರಡನೆಯ ಪ್ರತಿ

ಸೂಜಿ ರೆಕಾರ್ಡ್ ತಟ್ಟೆಗೆ ತಾಗುತ್ತಿದ್ದಂತೆ ಶಾಂತಯ್ಯ ಕುರ್ಚಿ ಎಳೆದುಕೊಂಡು, ಸಿದ್ಧಾರೂಢನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದು ಕೂತ. ಬಾಯಲ್ಲಿ ಎಲೆ, ತಂಬಾಕು. ತುಟಿಯ ಮೂಲೆಯಿಂದ ಕೆಂಪು ರಸ ಜಿನುಗುತ್ತಿತ್ತು. ಒರೆಸಿಕೊಳ್ಳಲಿಲ್ಲ. ಒಂದು ಕೈ ಸ್ಪೀಕರ್ ಪೆಟ್ಟಿಗೆಯ ಮೇಲೆ, ಸಾಕಿದ ಎತ್ತಿನ ಬೆನ್ನಿನ ಮೇಲಿಟ್ಟಂತೆ. ಕಣ್ಣು ಮಾತ್ರ ಸಿದ್ಧಾರೂಢನ ಮುಖದ ಮೇಲೆ.

ಸಿದ್ಧಾರೂಢ ಗೋಡೆಯ ಕಡೆ ತಿರುಗಿದ.

"ಮಾರಿ ಇತ್ತಾಗ ಮಾಡ್ರಿ, ಫಿಟ್ಟರ್ ಸಾಹೇಬ್ರ," ಎಂದ ಶಾಂತಯ್ಯ. "ಗ್ವಾಡಿಗೇನ್ ಹಾಡ ತಿಳೀತೈತಿ?"

ಹಾಡುತ್ತಿದ್ದವಳು ಸಿದ್ಧಾರೂಢನ ತಾಯಿ ಈರವ್ವ. 1969ರಲ್ಲಿ ಅವಳ ಒಂದೇ ಒಂದು ರೆಕಾರ್ಡ್ ಬಂದಿತ್ತು: ಏಳಿಂಚಿನ ತಟ್ಟೆ, ಬದಿಗೊಂದು ತತ್ವಪದ. ಮೂರು ವರ್ಷಕ್ಕೆ ಅವಳು ತೀರಿಕೊಂಡಳು. ಮಗನಿಗೆ ಆಗ ನಾಲ್ಕು. ಮನೆಯಲ್ಲಿದ್ದ ಪ್ರತಿಯನ್ನು ಮಲತಾಯಿ ಗುಜರಿಗೆ ಹಾಕಿದಳು. ಅವ್ವನ ಮುಖ ಅವನಿಗೆ ನೆನಪಿಲ್ಲ. ಫೋಟೊ ಇಲ್ಲ. ಇಪ್ಪತ್ತನಾಲ್ಕು ವರ್ಷ ಕಳೆದು, ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಶಾಂತಯ್ಯನ ಬಳಿ ಆ ರೆಕಾರ್ಡಿನ ಎರಡು ಪ್ರತಿ ಇವೆಯೆಂದು ತಿಳಿಯಿತು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಸಿದ್ಧಾರೂಢ ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಧಾರವಾಡದಲ್ಲಿ ಬಸ್ಸು ಹತ್ತುತ್ತಿದ್ದ. ಇದು ಹದಿನಾಲ್ಕನೆಯ ಭಾನುವಾರ.

ಯಂತ್ರವೇನೋ ಅಪರೂಪದ್ದು. ಸ್ವಿಟ್ಜರ್ಲೆಂಡಿನ ಟರ್ನ್‌ಟೇಬಲ್, ಮುಂಬಯಿಯಿಂದ ತರಿಸಿದ್ದು. ಸೂಜಿಯ ಭಾರ 1.8 ಗ್ರಾಂ. ಅದನ್ನು ಅಳೆದು ಕೂರಿಸಿದವನು ಸಿದ್ಧಾರೂಢನೇ. ಶಾಂತಯ್ಯ ಯಂತ್ರ ಮುಟ್ಟುತ್ತಿರಲಿಲ್ಲ, ಅದರ ಕಡೆ ನೋಡುತ್ತಲೂ ಇರಲಿಲ್ಲ. "ನಿಮ್ಮದು ಫಿಟ್ಟರ್ ಕೈ. ನೀವ ಹಚ್ರಿ," ಎನ್ನುತ್ತಿದ್ದ.

ಎರಡೂ ಪ್ರತಿಗಳನ್ನು ಒಂದರ ಹಿಂದೊಂದು ಹಾಕಿ ಹೋಲಿಸುವುದು ಅಲ್ಲಿನ ಕ್ರಮ. ಮೊದಲನೆಯದು ದಪ್ಪ ತಟ್ಟೆ. ಅದರಲ್ಲಿ ಏಕತಾರಿ ಕೋಣೆ ತುಂಬುತ್ತಿತ್ತು, ದನಿ ಅದರ ಹಿಂದೆ ಎಲ್ಲೋ ನಿಂತಿರುತ್ತಿತ್ತು. ಎರಡನೆಯದು ಐದು ವರ್ಷದ ನಂತರ ಮತ್ತೆ ಒತ್ತಿದ್ದು, ತೆಳು, ಚರಚರ ಸದ್ದು ಬಹಳ. ಆದರೆ ಪಲ್ಲವಿಗೆ ಮುಂಚೆ ಅವ್ವ ಉಸಿರು ಎಳೆದುಕೊಳ್ಳುವುದು ಅದರಲ್ಲಿ ಕೇಳುತ್ತಿತ್ತು. ಆ ಉಸಿರಿಗಾಗಿ ಸಿದ್ಧಾರೂಢ ಈ ಬಾಯಿಯ ನಾತ ಸಹಿಸುತ್ತಿದ್ದ.

ಹಾಡು ಮುಗಿಯಿತು. ಶಾಂತಯ್ಯ ತೀರ್ಪು ಕೊಟ್ಟ.

"ಮೊದಲನೇದಕ್ಕ ಎರಡ ಸಲ ಗಂಟಲಾ ನುಂಗಿದ್ರಿ. ಎರಡನೇದಕ್ಕ ಐದ ಸಲ. ಎರಡನೇದ ಛಲೋ ಐತಿ ಅಂದಂಗಾತು."

ಸಿದ್ಧಾರೂಢನಿಗೆ ಮೈ ಮೇಲೆ ಜೊಂಡಿಗ ಹರಿದಂತಾಯಿತು. ಈ ಮನುಷ್ಯ ಹಾಡು ಕೇಳುತ್ತಿಲ್ಲ, ನನ್ನ ದುಃಖವನ್ನು ಮುಖದಿಂದ ನೆಕ್ಕಿ ತಿನ್ನುತ್ತಿದ್ದಾನೆ.

"ಎರಡ ಅದಾವಲ್ರಿ, ಸಾವ್ಕಾರ್ರ. ಒಂದು ನನಗ ಕೊಡ್ರಿ."

"ಕೊಟ್ರ ಮುಂದಿನ ವಾರ ನೀವ್ ಬರ್ತೀರೇನು?"

"ಟೇಪಿನ್ಯಾಗರ ಹಿಡಕೋತೇನಿ."

"ಟೇಪ್ ತಂದ ದಿನ ಬಾಗಲಾ ಹಾಕತೇನಿ."

ಅಡುಗೆ ಮನೆಯಿಂದ ಶಾಂತಯ್ಯನ ಹೆಂಡತಿ ರತ್ನವ್ವ ಕೂಗಿದಳು: "ಚಾ ಆಗೇತ್ರಿ." ಅವನು ಓಗೊಡಲಿಲ್ಲ. ಮತ್ತೆ ಕೂಗಿದಳು. ಅವನು ಕತ್ತನ್ನೂ ತಿರುಗಿಸಲಿಲ್ಲ. ಕೊನೆಗೆ ಅವಳೇ ಬಂದು ಭುಜ ಮುಟ್ಟಿ, ಕಪ್ಪು ಕೈಗಿಟ್ಟು ಹೋದಳು. ಹೆಂಡತಿಯ ಮಾತಿಗೆ ಇಷ್ಟೇ ಕಿಮ್ಮತ್ತು ಎಂದುಕೊಂಡ ಸಿದ್ಧಾರೂಢ. ಪೇಟೆಯಲ್ಲೂ ಇವನು ಹೀಗೇ ಅಂತೆ. ಟವೆಲ್ ಕೆಳಗೆ ಬೆರಳು ಹಿಡಿದು ಮಾತಿಲ್ಲದೆ ದರ ಮುಗಿಸುವ ಹಳೇ ಕಾಲದವನು. ಶಾಂತಯ್ಯನ ಬಾಯಿ ಇರುವುದು ಎಲೆಗೆ ಮಾತ್ರ ಎಂದು ದಲ್ಲಾಳಿಗಳು ನಗುತ್ತಿದ್ದರು.

ಕೇಳಿ ಪಡೆಯುವುದು ಮುಗಿದ ಮಾತು. ಸಿದ್ಧಾರೂಢ ಅದಕ್ಕೆ ಸಿದ್ಧನಾಗಿಯೇ ಬಂದಿದ್ದ. ಚೀಲದಲ್ಲಿ ಅದೇ ಅಳತೆಯ ಒಂದು ತಟ್ಟೆ ಇತ್ತು, ಟ್ರ್ಯಾಕ್ಟರ್ ಕಂಪನಿಯೊಂದು ಹಿಂದೆ ರೈತರಿಗೆ ಹಂಚಿದ್ದ ಪ್ರಚಾರದ ರೆಕಾರ್ಡ್. ಶಾಂತಯ್ಯ ಉಗುಳಲು ಹಿತ್ತಲಿಗೆ ಎದ್ದು ಹೋದ. ಸಿದ್ಧಾರೂಢ ಎರಡನೆಯ ಪ್ರತಿಯನ್ನು ಚೀಲಕ್ಕೆ ಸೇರಿಸಿ, ಅದರ ಕವರಿನೊಳಗೆ ಟ್ರ್ಯಾಕ್ಟರ್ ತಟ್ಟೆಯನ್ನು ತೂರಿಸಿದ. ಅರ್ಧ ನಿಮಿಷದ ಕೆಲಸ.

"ಬರ್ತೇನ್ರಿ," ಎಂದು ಎದ್ದ.

ಬಾಗಿಲಲ್ಲಿ ಶಾಂತಯ್ಯ ನಿಂತಿದ್ದ.

"ಕೂಡ್ರಿ. ಎರಡನೇದ ಇನ್ನೊಮ್ಮೆ ಹಚ್ರಿ."

"ಬಸ್ಸಿಗೆ ಹೊತ್ತಾತ್ರಿ."

"ತಾಸಿಗೆ ನಾಕ್ ಬಸ್ ಅದಾವು. ಹಚ್ರಿ ಅಂದ್ರ."

ಶಾಂತಯ್ಯ ಒಳಗೆ ಬಂದು ಕವರನ್ನು ಎತ್ತಿಕೊಂಡ. ಅವನು ಅದನ್ನು ಮುಂದೆ ಚಾಚಿದ. ಹಾಕದೆ ದಾರಿಯಿಲ್ಲ. ತಟ್ಟೆ ತಿರುಗಿತು, ಸಿದ್ಧಾರೂಢ ಸೂಜಿ ಇಳಿಸಿದ. ಶಾಂತಯ್ಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಪೆಟ್ಟಿಗೆಯ ಮೇಲೆ ಕೈ ಇಟ್ಟ.

ಗಂಡಸಿನ ದನಿಯೊಂದು ಕೋಣೆಯಲ್ಲಿ ಗುಡುಗಿತು. ರೈತ ಬಾಂಧವರೇ, ಮೂವತ್ತೈದು ಕುದುರೆಶಕ್ತಿ, ಎಕರೆಗೆ ಎರಡು ಲೀಟರ್ ಡೀಸೆಲ್ ಉಳಿತಾಯ. ಹಿಂದೆ ಟ್ರ್ಯಾಕ್ಟರಿನ ಸದ್ದು.

ಸಿದ್ಧಾರೂಢ ಕಾದ. ಈಗ ಬೈಗುಳ, ಈಗ ಪೊಲೀಸರು. ಅದಕ್ಕಿಂತ ಹೆಚ್ಚಾಗಿ, ಅವ್ವನ ಉಸಿರು ಈ ಜನ್ಮಕ್ಕೆ ಮುಗಿಯಿತು. ಚೀಲ ತೆಗಿ ಎಂದರೆ ತೆಗೆಯಬೇಕು, ಮತ್ತೆ ಈ ಹೊಸ್ತಿಲು ತುಳಿಯುವ ಹಾಗಿಲ್ಲ. ತಡೆದರೂ ಅವನ ಕಣ್ಣು ತುಂಬಿ ಹರಿಯಿತು.

ಎದುರಿಗೆ ಶಾಂತಯ್ಯನ ತುಟಿ ನಡುಗಿತು. ಅವನ ಕಣ್ಣಲ್ಲೂ ನೀರು.

ರತ್ನವ್ವ ಅಡುಗೆ ಮನೆಯಿಂದ ಓಡಿ ಬಂದು ಗಂಡನ ಬೆನ್ನ ಹಿಂದೆ ನಿಂತಳು. ಟ್ರ್ಯಾಕ್ಟರ್ ಗುಡುಗುತ್ತಿದ್ದ ಪೆಟ್ಟಿಗೆಯನ್ನು ನೋಡಿದಳು, ಸಿದ್ಧಾರೂಢನ ಚೀಲವನ್ನು ನೋಡಿದಳು. ಹೇಳಬೇಡಿ ಎಂಬಂತೆ ತಲೆಯಾಡಿಸಿ, ಅವನಿಗೆ ಎರಡೂ ಕೈ ಜೋಡಿಸಿದಳು.

ಸೂಜಿ ಕೊನೆಯ ಗೆರೆಗೆ ಬಂದು ನಿಂತಿತು. ಶಾಂತಯ್ಯ ಪೆಟ್ಟಿಗೆಯ ಮೇಲಿನ ಕೈ ತೆಗೆದು ಕಣ್ಣು ಒರೆಸಿಕೊಂಡ.

"ಇಷ್ಟ ವಾರದಾಗ ನಿಮ್ಮ ಅವ್ವಾರು ಇವತ್ತಿನಷ್ಟ ಛಲೋ ಹಾಡಿದ್ದಿಲ್ಲ ನೋಡ್ರಿ."