ಕಪಾಟಿನ ಹಿಂದಿನ ಸ್ಟೂಲು

ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನಗೆ ಖಾನಾಪುರದ ವಾಚನಾಲಯ ನೆನಪಾಗಿ ಸಿಟ್ಟು ನೆತ್ತಿಗೇರುತ್ತದೆ.

ಚಿಕ್ಕಂದಿನಲ್ಲಿ ಒಂದು ಮಧ್ಯಾಹ್ನ ಅವ್ವ ರೊಟ್ಟಿ ಬಡಿದು ಮುಗಿಸಿ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಳು. ಅವಳು ಓದುತ್ತಿದ್ದ ಕಾದಂಬರಿಯ ಕೊನೆಯಷ್ಟೇ ಉಳಿದಿತ್ತು. ಪುಸ್ತಕ ಮನೆಗೆ ತರಲು ಅಪ್ಪ ಬಿಡುತ್ತಿರಲಿಲ್ಲ. ಇದ್ದ ಒಂದೇ ಮೇಜಿನ ಮುಂದೆ ದೊಡ್ಡಪ್ಪ ಪತ್ರಿಕೆ ಹಿಡಿದು ಕುಳಿತಿದ್ದರು. ಹಿರಿಯರೆದುರು ಮನೆಯ ಸೊಸೆ ಕೂರುವಂತಿರಲಿಲ್ಲ. ಅವ್ವ ತಲೆ ಮೇಲೆ ಸೆರಗು ಹೊದ್ದು, ಗೋಡೆಗೆ ಆತು ನಿಂತೇ ಓದತೊಡಗಿದಳು.

“ಕುಂದರ್ರಿ ಅಕ್ಕಾರ,” ಎಂದರು ಗ್ರಂಥಪಾಲಕರು.

“ಹ್ಯಾಂಗ ಕುಂದರ್ತಾಳೋ? ನಾ ಇನ್ನೂ ಜೀವಂತ ಅದೀನಿ!” ಎಂದು ದೊಡ್ಡಪ್ಪ ನಕ್ಕರು. ಸ್ವಲ್ಪ ಹೊತ್ತಿಗೆ ಮುಖದ ಮೇಲೆ ಪತ್ರಿಕೆ ಹಾಕಿಕೊಂಡು ಗೊರಕೆ ಹೊಡೆದರು. ನಿದ್ದೆ ಮಾಡುವವರಿಗೆ ಕುರ್ಚಿ, ಓದುವವಳಿಗೆ ಗೋಡೆ!

“ಅವ್ವಾ, ಮಕ್ಕೊಂಡಾರ. ಈಗರ ಕುಂದರು.”

“ಮಕ್ಕೊಂಡ್ರೂ ಹಿರ್ಯಾರು ಹಿರ್ಯಾರನ. ಸುಮ್ನಿರು.”

ಗ್ರಂಥಪಾಲಕರು ತಮ್ಮ ಸ್ಟೂಲನ್ನೇ ಸದ್ದಿಲ್ಲದೆ ಎತ್ತಿ ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಕಪಾಟಿನ ಹಿಂದಿಟ್ಟರು. “ಇಲ್ಲಿ ಕುಂತ್ರ ಅವ್ರಿಗೆ ಕಾಣಂಗಿಲ್ರಿ.”

ಅವ್ವ ಕುಳಿತಳು. ಕಾದಂಬರಿ ಮುಗಿಯುವವರೆಗೂ ಗ್ರಂಥಪಾಲಕರು ನಿಂತೇ ಇದ್ದರು. ಆ ಪುಣ್ಯಾತ್ಮನನ್ನು ಶಿವ ಚೆನ್ನಾಗಿಟ್ಟಿರಲಿ.

ಹೊರಗೆ ಬರುವಾಗ ಬಾಗಿಲಲ್ಲಿ ದೊಡ್ಡಪ್ಪನ ಚಪ್ಪಲಿಗಳಿದ್ದವು. ಒಂದನ್ನು ಒದ್ದು ಗಟಾರಕ್ಕೆ ಕೆಡವಿದೆ. ಅವ್ವ ನೋಡಿದಳು. ತೆಗೆ ಎನ್ನಲಿಲ್ಲ.