ಎಡಗಣ್ಣಿನ ಪಟ್ಟಿ

ವಾರಿಜಾ ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಿಗಡಿ ಸುಲಿಯುವ ಶೆಡ್ಡಿಗೆ ಬಂದಾಗ ಹೆಂಗಸರೆಲ್ಲ ನಕ್ಕರು.

“ಎಂತ ಮಾರಾಯ್ತಿ, ನಮಗೂ ಹೇಳದೆ ಶುರು ಮಾಡಿದ್ದಾ?” ಎಂದಳು ಪಕ್ಕದಲ್ಲಿ ಕೂರುವ ನೆಬೀಸಾ.

ಹನ್ನೆರಡು ತುಂಬಿದ ಹುಡುಗಿಯರಿಗೆಲ್ಲ ಶಾಲೆಯಲ್ಲೇ ಎಡಗಣ್ಣಿಗೆ ಸಿಗಡಿಯ ಕಣ್ಣಿನ ಜೀನು ಹಾಕುತ್ತಾರೆ. ಸಿಗಡಿಯಲ್ಲಿ ಮೊಟ್ಟೆಯನ್ನು ತಡೆಯುವ ಹಾರ್ಮೋನು ಕಣ್ಣಿನಿಂದಲೇ ಬರುವುದು. ಎಡಗಣ್ಣಿಗೆ ಬೆಳಕು ಬೀಳುತ್ತಿರುವವರೆಗೆ ಗರ್ಭ ನಿಲ್ಲುವುದಿಲ್ಲ. ಮಗು ಬೇಕಾದವರು ಆ ಕಣ್ಣನ್ನು ಹತ್ತು ದಿನ ಮುಚ್ಚಿಡುತ್ತಾರೆ.

ವಾರಿಜಾಳಿಗೆ ಮಗು ಬೇಕಿರಲಿಲ್ಲ. ನಿನ್ನೆ ಸಿಗಡಿಯ ಮುಳ್ಳು ಕಣ್ಣಿಗೆ ಚುಚ್ಚಿತ್ತು. ಮುಚ್ಚದಿದ್ದರೆ ದೃಷ್ಟಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಇವತ್ತು ಅವಳ ಕೆಲಸ ಖಾಯಂ ಆಗುವ ದಿನ. ಪಟ್ಟಿ ಕಟ್ಟಿದವರನ್ನು ಇಲ್ಲಿ ಖಾಯಂ ಮಾಡುವುದಿಲ್ಲ.

“ಫ್ಲೋರಿನ್ ಬಾಯಿ, ಮುಳ್ಳು ಚುಚ್ಚಿದ್ದು, ದೇವರಾಣೆ,” ಎಂದು ಅವಳು ಮೇಲ್ವಿಚಾರಕಿಗೆ ಡಾಕ್ಟರ ಚೀಟಿ ತೋರಿಸಿದಳು.

“ಎಲ್ಲರದ್ದೂ ಮುಳ್ಳೇ. ಚೀಟಿಯೂ ಎಲ್ಲರ ಹತ್ತಿರ ಉಂಟು. ಆಮೇಲೆ ಹೊಟ್ಟೆ ಹೊತ್ತುಕೊಂಡು ಬಂದು ರಜೆ ಕೇಳುವುದು. ಬಿಚ್ಚಿ ಕೂತರೆ ಸಂಜೆ ಹೆಸರು ಬರೀತೇನೆ.”

ವಾರಿಜಾ ಎರಡು ಸಲ ಬಾಗಿಲ ತನಕ ಹೋಗಿ ವಾಪಸು ಬಂದಳು. ಕೊನೆಗೆ ಪಟ್ಟಿ ಕಿತ್ತು ಜೇಬಿಗೆ ತುರುಕಿ, ಸಿಗಡಿಯ ರಾಶಿಯ ಮುಂದೆ ಕೂತಳು. ಟ್ಯೂಬ್‌ಲೈಟಿನ ಬೆಳಕು ಕಣ್ಣನ್ನು ಇರಿಯಿತು. ನೀರು ಸುರಿಯುತ್ತಲೇ ಇತ್ತು. ಮಧ್ಯಾಹ್ನದ ಮೇಲೆ ನೋವು ಕಡಿಮೆಯಾಯಿತು, ಆ ಕಣ್ಣಿಗೆ ಬೆಳಕೂ ಕಡಿಮೆಯಾಯಿತು.

ಸಂಜೆ ಫ್ಲೋರಿನ್ ಬಾಯಿ ಪುಸ್ತಕ ತಂದು ಅವಳ ಎಡಕ್ಕೆ ಇಟ್ಟರು.

“ಖಾಯಂ ಆಯ್ತು. ಸಹಿ ಹಾಕು.”

“ಎಲ್ಲಿ, ಬಾಯಿ?”

“ಇಲ್ಲೇ ಉಂಟಲ್ಲ, ನಿನ್ನ ಕೈ ಹತ್ತಿರ!”

ವಾರಿಜಾ ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಲಗಣ್ಣಿನಿಂದ ಪುಸ್ತಕ ಹುಡುಕಿದಳು.